ಕಣಿವೆಯ ಮೇಲಿನ ಕೊನೆಯ ಬೆಸುಗೆ

ಸೇತುವೆ ಶಿಬಿರ, ಉತ್ತರಾಖಂಡ
9 ಮಾರ್ಚ್ 2025

ಮಾನ್ವಿಯ ಕನಕರಾಜ ಅವರಿಗೆ ನಿಮ್ಮ ರಾಧಾಳ ನಮಸ್ಕಾರಗಳು.

ಎರಡು ವರ್ಷದ ಮೇಲೆ ಬರೆಯುತ್ತಿದ್ದೇನೆ. ಫೋನ್ ಮಾಡಿದರೆ ಎರಡನೇ ಮಾತಿಗೇ ಜಗಳಕ್ಕೆ ನಿಲ್ಲುತ್ತೇವೆ. ಕಾಗದದ ನಡುವೆ ನೀವು ಬಾಯಿ ಹಾಕುವಂತಿಲ್ಲ, ಪೂರ್ತಿ ಓದಿ.

ನಿನ್ನೆ ನಮ್ಮ ಸೇತುವೆಯ ಮೇಲೆ ಮೊದಲ ರೈಲ್ವೆ ಎಂಜಿನ್ ಓಡಿತು. ಎರಡು ಬೆಟ್ಟಗಳ ನಡುವಿನ ಕಣಿವೆ ಎಷ್ಟು ಆಳವೆಂದರೆ, ಮೇಲೆ ನಿಂತರೆ ಕೆಳಗಿನ ಹೊಳೆ ಬಿಳಿ ನೂಲಿನಂತೆ ಕಾಣುತ್ತದೆ. ಚೀಕಲಪರ್ವಿಯ ಹೊಳೆದಂಡೆಯಲ್ಲಿ ಬೆಳೆದ ನಾನು ಹಾರುವ ಹದ್ದಿನ ಬೆನ್ನನ್ನು ನೋಡಿದ್ದು ಇಲ್ಲೇ. ಎರಡೂ ಕಡೆಯಿಂದ ಬಂದ ಉಕ್ಕಿನ ಕಮಾನುಗಳು ನಟ್ಟನಡುವೆ ಕೂಡುವಲ್ಲಿ ಕೊನೆಯ ಬೆಸುಗೆ ಹಾಕಿದವಳು ನಾನು.

ದೇವದುರ್ಗ ರಸ್ತೆಯ ನಮ್ಮ ವೆಲ್ಡಿಂಗ್ ಅಂಗಡಿಯಲ್ಲಿ ಗಿರಾಕಿಗಳು "ಗೇಟು ಅಕ್ಕನ ಕೈಲೇ ಮಾಡಸ್ರಿ" ಅನ್ನತೊಡಗಿದಾಗಲೇ ನಿಮ್ಮ ಮುಖ ಸಪ್ಪಗಾಗಿತ್ತು. ಇಲ್ಲಿ ಮೇಸ್ತ್ರಿಯಾಗಿರುವ ರಾಯಚೂರಿನ ಜಿಲಾನಿ ಪಾಷಾ ನನ್ನನ್ನು ಕೆಲಸಕ್ಕೆ ಕರೆದಾಗ ನೀವು ಬೇಡವೆಂದಿರಿ. ನಾನು ಹೊರಟೆ. "ಹೋಗು, ಎಂಟು ದಿನಕ್ಕ ತಿರುಗಿ ಬರ್ತಿ" ಅಂದಿರಿ. ಈಗ ಒಪ್ಪಿಕೊಳ್ಳುತ್ತೇನೆ: ಆರನೇ ದಿನವೇ ಚೀಲ ಕಟ್ಟಿದ್ದೆ. ನಿಮ್ಮ ಮಾತು ನಿಜವಾಗಬಾರದೆಂಬ ಹಟಕ್ಕೆ ಬಿಚ್ಚಿಟ್ಟೆ.

ಹೋದ ವರ್ಷ ಆ ಕೊನೆಯ ಬೆಸುಗೆಯ ದಿನ ಅಧಿಕಾರಿಗಳೆಲ್ಲ ಬಂದು ನಿಂತಿದ್ದರು. ವಿಪರೀತ ಗಾಳಿ. ಜಿಲಾನಿ ಅಣ್ಣ, "ಚಾಲೂ ಮಾಡವ್ವಾ, ಸಾಹೇಬ್ರು ಕಾಯಾಕತ್ತಾರ" ಅಂದರು.

"ಈ ಗಾಳಿಗೆ ಬೆಸುಗಿ ಒಳಗ ಪೊಳ್ಳಾಗ್ತದಣ್ಣಾ. ನಾ ಹಾಕಂಗಿಲ್ಲ. ಬೇಕಂದ್ರ ಬ್ಯಾರೇರನ್ನ ಕರೀರಿ" ಅಂದೆ.

ಅವರು ಬೇರೆ ಯಾರನ್ನೂ ಕರೆಯಲಿಲ್ಲ. ಹೋಗಿ ಸಾಹೇಬರ ಬೈಗುಳ ತಿಂದು ಬಂದರು. ಇವತ್ತಿಗೆ ನನ್ನ ನೌಕರಿ ಹೋಯಿತೆಂದುಕೊಂಡೆ. ಮೂರು ತಾಸು ಕಮಾನಿನ ಮೇಲೆ ಕೂತೇ ಇದ್ದೆ, ಕೆಳಗೆ ನೋಡದೆ. ಗಾಳಿ ಇಳಿದ ಮೇಲೆ ಎದ್ದೆ. ಬೆಂಕಿ ಹೊತ್ತಿದ ಮೇಲೆ ಹೆದರಿಕೆ ಎಲ್ಲಿ ಹೋಯಿತೋ ಗೊತ್ತಿಲ್ಲ. ಯಂತ್ರವಿಟ್ಟು ಪರೀಕ್ಷೆ ಮಾಡಿದರು: ಕೂದಲೆಳೆಯಷ್ಟೂ ಬಿರುಕಿರಲಿಲ್ಲ.

ನಿನ್ನೆ ಎಂಜಿನ್ ದಾಟುವಾಗ ಸೇತುವೆಯ ಅಂಚಿನ ಕಟಕಟೆಗೆ ಅಂಗೈ ಒತ್ತಿ ನಿಂತಿದ್ದೆ. ಉಕ್ಕು ಸಣ್ಣಗೆ ನಡುಗಿ ಸುಮ್ಮನಾಯಿತು. ಆಮೇಲೆ ದೊಡ್ಡ ಸಾಹೇಬರು ನನ್ನ ಹತ್ತಿರ ಬಂದು, ಈ ಕೆಲಸ ಕಲಿಸಿದವರು ಯಾರು ಎಂದು ಕೇಳಿದರು. ಮಾನ್ವಿಯ ಕನಕರಾಜ, ನನ್ನ ಗಂಡ ಎಂದೆ. ಜೋರಾಗಿಯೇ ಹೇಳಿದೆ. ಸುತ್ತ ನಿಂತವರೆಲ್ಲ ತಿರುಗಿ ನೋಡಿದರು.

ಯುಗಾದಿಗೆ ಬರುತ್ತೇನೆ. ತಪ್ಪಾಯಿತೆಂದು ಹೇಳಲು ಬರುತ್ತಿಲ್ಲ, ಹೇಳಿಸಿಕೊಳ್ಳಲೂ ಅಲ್ಲ. ಅಂಗಡಿಯಲ್ಲಿ ಇಬ್ಬರಿಗೂ ಕೆಲಸವಿದ್ದರೆ ಹೇಳಿ.

ನಿಮ್ಮ ಶಿಷ್ಯೆ, ಹೆಂಡತಿಯೂ ಹೌದು,
ರಾಧಾ

ತಾ.ಕ.: ಮೊನ್ನೆ ಇಲ್ಲಿಯ ಗುಮಾಸ್ತರು ನಗುತ್ತ ಒಂದು ಸಂಗತಿ ಹೇಳಿದರು. ಎರಡು ವರ್ಷದಿಂದ ಪ್ರತಿ ಸೋಮವಾರ ಆಫೀಸಿಗೆ ಒಂದು ಫೋನ್ ಬರುತ್ತದಂತೆ. ಹೆಸರು ಹೇಳುವುದಿಲ್ಲವಂತೆ. ಹರಕು ಹಿಂದಿಯಲ್ಲಿ ಒಂದೇ ಪ್ರಶ್ನೆ: ರಾಯಚೂರು ಕಡೆಯ ಆ ಹೆಣ್ಣುಮಗಳು ಸೇಫ್ಟಿ ಬೆಲ್ಟು ಕಟ್ಟಿಕೊಂಡೇ ಮೇಲೆ ಹತ್ತುತ್ತಾಳೇನು? ಹೌದು ಅಂದ ಕೂಡಲೇ ಇಟ್ಟುಬಿಡುತ್ತಾರಂತೆ. ಇನ್ನು ಮೇಲೆ ನನ್ನನ್ನೇ ಕೇಳ್ರಿ. ಕಟ್ಕೊಂಡೇ ಹತ್ತತೀನ್ರೀ.