ದನಿ ತಗ್ಗಿಸುವವರು

ಭಾನುವಾರ, ಊಟವಾದ ಮೇಲೆ

ಪುಟ್ಟೀ,

ಮೊದಲು ಒಂದು ಮಾತು, ನಿನ್ನೆ ಫೋನಿನಲ್ಲಿ ನಾಲಿಗೆ ತುದಿಗೆ ಬಂದು ನಿಂತುಬಿಟ್ಟದ್ದು: ರಾಜೀನಾಮೆ ಕೊಡಬೇಡ. ನಿನ್ನ ಕಾಗದಕ್ಕೆ ಇಷ್ಟು ದಿನ ಉತ್ತರ ಬರೆಯದಿದ್ದುದಕ್ಕೆ ಬೈದುಕೋ. ಕೈ ನಡುಗುತ್ತದೆ ಎಂದು ನೆಪ ಹೇಳಬಹುದಿತ್ತು, ನಿಜವಾಗಿ ಸಿಟ್ಟು. ಬರೆದದ್ದನ್ನೆಲ್ಲ ಹರಿದು ಹಾಕಿದೆ.

ನಿನ್ನ ಮ್ಯಾನೇಜರ್, ಆ ಟೈ ಕಟ್ಟಿದ ಕುಂಬಳಕಾಯಿ, ಕೈಮೇಲಿನ ಬಿಳಿ ಮಚ್ಚೆ ಕಂಡ ಕೂಡಲೇ ನಿನ್ನನ್ನು ಕೌಂಟರಿನಿಂದ ಎಬ್ಬಿಸಿ ಫೈಲಿನ ರೂಮಿಗೆ ಅಟ್ಟಿದನಲ್ಲ, "ನಿಮ್ಮ ಅನುಕೂಲಕ್ಕೇ ಮೇಡಂ" ಅಂತ. ಅವನ ಅನುಕೂಲಕ್ಕಿಷ್ಟು ಬೆಂಕಿ ಹಾಕ. ನಮ್ಮ ಲೆಕ್ಚರರ್ ಸೈಂಟಿಫಿಕ್ ಟೆಂಪರೇಚರ್ ಎಂದೇನೋ ಅನ್ನುತ್ತಿದ್ದರು, ಅದು ಇವನಲ್ಲಿ ಸೊನ್ನೆ ಡಿಗ್ರಿ.

ಆದರೆ "ನಾನು ಹತ್ರ ಹೋದ್ರೆ ಎಲ್ರೂ ದನಿ ತಗ್ಗಿಸ್ತಾರಪ್ಪಾ" ಅಂದೆಯಲ್ಲ, ನಿನ್ನ ಅಮ್ಮನೂ ಶುರುವಿನಲ್ಲಿ ಹಾಗೇ ಅನ್ನುತ್ತಿದ್ದಳು. ಅಮ್ಮನ ಕಿವಿ ನೋಡಿದ್ದ ಡಾಕ್ಟರ ಹತ್ತಿರ ಹೋಗಿ ಬಂದೆ. "ಚರ್ಮಕ್ಕೆ ಬಣ್ಣ ಕೊಡೋ ಕಣಗಳು ಒಳಗಿವೀಲೂ ಇರ್ತವೆ ಯಜಮಾನ್ರೇ. ಮಚ್ಚೆ ಇರೋರಲ್ಲಿ ಕೆಲವರಿಗೆ ಕಿವೀನೂ ಮಂದ ಆಗಬಹುದು. ಎಲ್ಲರಿಗೂ ಆಗಲ್ಲ. ತೆಳ್ಳನೆ ದನಿಗಳು ಮೊದಲು ಹೋಗ್ತವೆ, ಅದಕ್ಕೇ ಅವರಿಗೇ ಗೊತ್ತಾಗಲ್ಲ. ಪರೀಕ್ಷೆ ಮಾಡಿಸಿ" ಅಂದರು. ಆ ಕಣಗಳ ಹೆಸರು ಮೆಲನೋಸೈಟ್ ಅಂತೆ. ಬಿ.ಎಸ್ಸಿ.ಯಲ್ಲಿ ಓದಿದ್ದೆ, ಸ್ಪೆಲಿಂಗ್ ಕೇಳಬೇಡ.

ನಮ್ಮ ಮನೆಯ ಬುದ್ಧಿವಂತರಿಗೆ ಇದೆಲ್ಲ ಯಾಕೆ ಬೇಕಿತ್ತು? ಯಾರಾದರೂ ಬಂದರೆ ಅಮ್ಮನ ಬಲಗೆನ್ನೆಯ ಬಿಳಿ ಮಚ್ಚೆ ಕಾಣಬಾರದೆಂದು ನಿನ್ನ ಸೋದರತ್ತೆ ಅವಳನ್ನು ಮೂಲೆಯ ಕುರ್ಚಿಯಲ್ಲಿ, ಬಲಗಡೆ ಗೋಡೆ ಬರುವಂತೆ ಕೂರಿಸುತ್ತಿದ್ದಳು. ಅಷ್ಟಿಷ್ಟು ಕೇಳುತ್ತಿದ್ದದ್ದು ಆ ಬಲಗಿವಿಯೊಂದೇ! ಒಳ್ಳೆಯ ಕಿವಿ ಗೋಡೆಗೆ, ಮಂದ ಕಿವಿ ಮಂದಿಗೆ. ಉತ್ತರ ಎಲ್ಲಿಂದ ಬರಬೇಕು? "ನೋಡಿ, ಆ ಮುಖಕ್ಕೆ ಎಷ್ಟು ಜಂಬ!" ಎಂದು ನಿನ್ನ ಅತ್ತೆ ಬಂದವರಿಗೆ ಹೇಳುವುದು ಬೇರೆ.

ಹೋದ ವಾರವೂ ಬಂದಿದ್ದಳು. "ಅಣ್ಣಾ, ಪುಟ್ಟಿಗೆ ಉದ್ದ ತೋಳಿನ ರವಿಕೆ ಹೊಲಿಸು" ಅಂದಳು. "ನಿನ್ನ ಬಾಯಿಗೂ ಒಂದು ಹೊಲಿಸ್ತೀನಿ, ಅಳತೆ ಕೊಟ್ಟು ಹೋಗು" ಅಂದೆ. ಕಾಫಿ ಅರ್ಧಕ್ಕೇ ಬಿಟ್ಟು ಹೊರಟಳು. ಲೋಟ ತೊಳೆಯುವಾಗ ನನಗೆ ಬಹಳ ಸುಖವಾಯಿತು.

ಮೊದಲು ಕಿವಿ ತೋರಿಸು ತಾಯಿ, ಆಮೇಲೆ ರಾಜೀನಾಮೆಯ ಮಾತು. ಯಾರ ಮುಂದೆಯೂ ತೋಳು ಇಳಿಸಿಕೊಳ್ಳದೆ ನೂರು ಕಾಲ ಬಾಳು.

ನಿನ್ನ
ಅಪ್ಪ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಬಾರದೆ ಬಿಟ್ಟದ್ದು. ಅಮ್ಮನ ಕಿವಿಯ ಮಷಿನ್ ಕೆಟ್ಟುಹೋಯಿತೆಂದು ನಿನಗೆ ಹೇಳಿದ್ದು ಸುಳ್ಳು. ಹಾಕಿಕೊಂಡ ದಿನ ಬೆಳಿಗ್ಗೆ ನಲ್ಲಿ ತೊಟ್ಟಿಕ್ಕುವುದನ್ನು ಕೇಳುತ್ತ ಮಗುವಿನ ಹಾಗೆ ನಿಂತಿದ್ದಳು. ಸಂಜೆ ಮನೆಗೆ ಜನ ಬಂದರು. ಅಡುಗೆಮನೆಯಲ್ಲಿ ಅವಳ ಬೆನ್ನ ಹಿಂದೆಯೇ ನಿನ್ನ ಅತ್ತೆ ಯಾರಿಗೋ ಹೇಳಿದಳು: "ಅವಳು ಮುಟ್ಟಿದ್ದು ಬೇಡ, ನಿಮಗೆ ನಾನೇ ಬೇರೆ ಮಾಡಿಕೊಡ್ತೀನಿ. ಧಾರಾಳವಾಗಿ ಮಾತಾಡಿ, ಅವಳಿಗೆ ಕೇಳಿಸಲ್ಲ." ಅಮ್ಮ ಕೋಣೆಗೆ ಬಂದು ಮಷಿನ್ ಕಳಚಿ ಬೀರುವಿನಲ್ಲಿಟ್ಟಳು. "ಇಷ್ಟು ದಿನ ಬರೀ ಅನುಮಾನ ಇತ್ತು ರೀ. ಅದೇ ಚೆನ್ನಾಗಿತ್ತು" ಅಂದಳು. ಸಾಯುವವರೆಗೂ ಮತ್ತೆ ಹಾಕಲಿಲ್ಲ.

ನಿನಗೆ ಮಷಿನ್ ಬೇಕೆಂದರೆ ಹಾಕಿಕೋ. ಏನೇ ಕಿವಿಗೆ ಬಿದ್ದರೂ ಕಳಚಬೇಡ. ಅಂದವರ ಕಡೆ ತಿರುಗಿ, "ಕೇಳಿಸ್ತು" ಅನ್ನು. ಅಷ್ಟು ಸಾಕು, ಅಂಥವರಿಗೆ ಅದಕ್ಕಿಂತ ದೊಡ್ಡ ಮಾತು ದಂಡ. ಅಕ್ಷರದ ಮೇಲೆ ಅಕ್ಷರ ಹತ್ತುತ್ತಿದೆ, ಕಿಟಕಿಯಲ್ಲಿ ಬೆಳಕು ಹೋಯಿತು