ಅವ್ವನ ತಲೆದೆಸೆಗೊಂದು ಕಲ್ಲು

ಚಾಮರಾಜನಗರ
ಭಾನುವಾರ

ಮಾದಣ್ಣನಿಗೆ ನಿಂಗರಾಜುವಿನ ನಮಸ್ಕಾರ.

ನೀನು ಫೋನ್ ಎತ್ತುತ್ತಿಲ್ಲ, ಅದಕ್ಕೇ ಈ ಪತ್ರ. ಅವ್ವನನ್ನು ಮಣ್ಣು ಮಾಡಿದ ಮೇಲಷ್ಟೇ ನೀನು ನನಗೆ ತಿಳಿಸಿದೆ. "ನೀ ಬಂದಿದ್ರೆ ಅವ್ವನ ಚಟ್ಟಕ್ಕೆ ಊರೋರ್ಯಾರೂ ಎಗ್ಲು ಕೊಡ್ತಿರ್ನಿಲ್ಲ ಕಣ್ಲಾ" ಅಂದೆ. ಇರಬಹುದು. ಜರ್ಮನಿಯಲ್ಲಿ ಜನ ತಮ್ಮ ನೆರೆಯ ಯಹೂದಿಗಳನ್ನು ಮಾತಾಡಿಸುವುದನ್ನೇ ಬಿಟ್ಟ ಕಥೆಯನ್ನು ಟಿವಿಯಲ್ಲಿ ಹೇಳುತ್ತಾ, ಬೇರೆ ಜಾತಿಯವನನ್ನು ಮದುವೆಯಾದಳೆಂದು ನಮ್ಮೂರು ನೀಲಾವತಿಯ ಮನೆಯವರನ್ನು ಹೊರಗಿಟ್ಟದ್ದನ್ನೂ ಹೇಳಿದವನು ನಾನೇ. ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಾರೆ.

ಯೂರೋಪಿನ ಇತಿಹಾಸ ಬರೆಯಲೆಂದು ಫ್ರಾನ್ಸಿನಲ್ಲಿ ಹೆಸರು ಗೊತ್ತಿಲ್ಲದ ಸಿಪಾಯಿಗಳ ಗೋರಿಗಳ ನಡುವೆ ತಿಂಗಳುಗಟ್ಟಲೆ ಓಡಾಡಿದೆ. ಅವರ ತಲೆದೆಸೆಯಲ್ಲೂ ಒಂದೊಂದು ಕಲ್ಲಿತ್ತು. ನಮ್ಮೂರಲ್ಲಿ ಒಂದು ಮಳೆ ಬಿದ್ದರೆ ಯಾವ ಗುಡ್ಡೆ ಯಾರದೆಂದು ತಿಳಿಯುವುದಿಲ್ಲ. ಅಷ್ಟರೊಳಗೆ ಅವ್ವನಿಗೂ ಒಂದು ಕಲ್ಲು ನಿಲ್ಲಿಸು. ಅವಳನ್ನು ಮಲಗಿಸಿದ್ದು ಅಪ್ಪನ ಪಕ್ಕದಲ್ಲೋ, ಬೇಲಿಯ ಹತ್ತಿರವೋ, ನನಗೆ ಒಂದು ಸಾಲು ಬರೆ.

ಮೂರನೆಯ ದಿನದ ಹಾಲು ತುಪ್ಪಕ್ಕೂ ನನ್ನನ್ನು ಕರೆಯಲಿಲ್ಲ. ಮುಂದಿನ ವಾರ ಗುಂಡ್ಲುಪೇಟೆಯಲ್ಲಿ ಬಸ್ಸು ಬದಲಿಸಿ ಬಂದು, ಅವ್ವನ ಗುಡ್ಡೆಗೆ ಒಂದಿಷ್ಟು ಹಾಲು ಬಿಟ್ಟು, ಊರೊಳಗೆ ಕಾಲಿಡದೆ ಹಿಂದಿರುಗುತ್ತೇನೆ.

ನೀನು ಅಲ್ಲಿಗೆ ಬರಬೇಡ. ನನ್ನ ಜೊತೆ ನಿಂತದ್ದನ್ನು ಊರು ಕಂಡರೆ, ನಾಳೆ ನಿನಗೆ ಹೆಗಲು ಕೊಡಲು ನಾನೊಬ್ಬನೇ ಉಳಿಯುತ್ತೇನೆ.

ನಿನ್ನ ತಮ್ಮ,
ನಿಂಗರಾಜು