ಹಗ್ಗ ಬಿಚ್ಚದೆ ಹೊರಟ ವ್ಯಾನು

ಮಂಗಳವಾರ, ಮಾರ್ಚ್ ೧೧
ವ್ಯಾನಿನ ಹಿಂಬಾಗಿಲ ಮೆಟ್ಟಿಲಿಂದ

ಪ್ರೀತಿಯ ಅಪ್ಪಾ,

ನನಗೆ ಡ್ರೈವಿಂಗ್ ಲೈಸೆನ್ಸ್ ಸಿಕ್ಕಿತು, ಅದೂ ಮೊದಲನೇ ಸಲಕ್ಕೇ! ನೀವು ಕಾಗದವನ್ನು ಅಮ್ಮನ ಕೈಗೆ ಕೊಟ್ಟು ಎದ್ದು ಹೋಗುವ ಮುಂಚೆ ಇದನ್ನು ಹೇಳಿಬಿಡಬೇಕಿತ್ತು. ಮಂಡಿನೋವು ಹೇಗಿದೆ? ಮದುವೆಯಾಗಿ ನಾಲ್ಕು ತಿಂಗಳಿಗೆ ಮೊದಲ ಕಾಗದ ಬರೆಯುತ್ತಿದ್ದೇನೆ, ಬೈಯಬೇಡಿ. ಅಮ್ಮನಿಗೆ ಫೋನ್ ಮಾಡಿದಾಗಲೆಲ್ಲ ಹಿಂದಿನಿಂದ ನಿಮ್ಮ ಕೆಮ್ಮು ಕೇಳಿಸುತ್ತದೆ. "ಅಪ್ಪನಿಗೆ ಕೊಡಮ್ಮಾ" ಅನ್ನುವಷ್ಟರಲ್ಲಿ ಕೆಮ್ಮು ಹಿತ್ತಲಿಗೆ ಹೋಗಿರುತ್ತದೆ. ಕಾಗದವಾದರೆ ನೀವು ವಾಪಸ್ ಬರುವತನಕ ಕಾದಿರುತ್ತದಲ್ಲ!

"ಚಕ್ರದ ಮೇಲೆ ಸಂಸಾರ ಕಟ್ಟೋಕಾಗಲ್ಲ, ಅಡಿಪಾಯ ಬೇಕು" ಅಂದಿದ್ದಿರಿ. ಊರಿಗೆಲ್ಲ ಮನೆ ಕಟ್ಟಿಕೊಟ್ಟ ಮೇಸ್ತ್ರಿಯ ಮಗಳು ಹೊಲಿಗೆ ಮೆಷಿನ್ ರಿಪೇರಿಯವರನ್ನು ಮೆಚ್ಚಿ, ಅವರ ವ್ಯಾನಿನಲ್ಲೇ ಬಾಳಲು ಹೊರಟರೆ ಇನ್ನೇನು ಅನ್ನುತ್ತೀರಿ! ಆದರೆ ಅಪ್ಪಾ, ನಾನು ಸುಖವಾಗಿದ್ದೇನೆ. ಹಾಸಿಗೆ ಮಡಿಸಿದರೆ ಬೆಂಚು, ಬೆಂಚು ಎತ್ತಿದರೆ ಇವರ ಸ್ಕ್ರೂ, ಸೂಜಿ, ಎಣ್ಣೆ ಡಬ್ಬಿ. ಇವರು ಕಾಲು ಚಾಚಿದರೆ ಪಾತ್ರೆಗಳೆಲ್ಲ ಉರುಳುತ್ತವೆ. ಅದೇ ನಮ್ಮ ಅಲಾರಂ.

ಈಗ ನಿನ್ನೆಯ ಕಥೆ ಕೇಳಿ. ಒಬ್ಬ ಟೈಲರಮ್ಮನ ಅಂಗಡಿ ಪಕ್ಕ ವ್ಯಾನ್ ನಿಲ್ಲಿಸಿದ್ದೆವು. ಬೆಳಿಗ್ಗೆ ಬಟ್ಟೆ ಒಗೆದು, ವ್ಯಾನಿನ ಹಿಂಬಾಗಿಲಿನ ಹಿಡಿಯಿಂದ ಅವರ ಅಂಗಡಿಯ ಬೋರ್ಡಿನ ಕಬ್ಬಿಣಕ್ಕೆ ಹಗ್ಗ ಕಟ್ಟಿ ಹರವಿದ್ದೆ. ದಿನಾ ಹೊರಡುವ ಮುಂಚೆ ಇವರು ವ್ಯಾನಿನ ಸುತ್ತ ಒಂದು ಸುತ್ತು ಬಂದು, "ಕಟ್ಟಿದ್ದೆಲ್ಲ ಬಿಚ್ಚಾಯ್ತಾ?" ಅಂತ ಕೂಗುತ್ತಾರೆ. ನಿನ್ನೆ ನಾನು ಬಿಟ್ಟರೆ ತಾನೆ! "ಇವತ್ತು ನೀವು ಬರೀ ಪ್ಯಾಸೆಂಜರ್. ಸೀಟಿಂದ ಏಳೋ ಹಾಗಿಲ್ಲ" ಅಂದು, ಟೀ ಲೋಟ ಕೈಗಿಟ್ಟು ಗಾಡಿ ಎತ್ತಿದೆ.

ಹಿಂದೆ ಏನೋ ಟಪ್ ಅಂದಿತು. ಬೀದಿಯ ಜನವೆಲ್ಲ ಕೈ ಬೀಸತೊಡಗಿದರು. ಲೈಸೆನ್ಸಿನ ಸುದ್ದಿ ಇಷ್ಟು ಬೇಗ ಹಬ್ಬಿತೇ ಎಂದು ನಾನೂ ಬೀಸಿದೆ! ಕೊನೆಗೆ ಟೈಲರಮ್ಮ ಕುತ್ತಿಗೆಯ ಅಳತೆ ಟೇಪನ್ನು ಹಾರಿಸಿಕೊಂಡು ಓಡಿಬಂದರು. "ಏನಮ್ಮಾ ತಾಯಿ, ನನ್ನ ಅಂಗಡೀನ ಎಲ್ಲಿಗೆ ಕರ್ಕೊಂಡು ಹೊರಟೆ?"

ಇಳಿದು ನೋಡಿದರೆ ಒಂದು ಹಿಡಿ ಗಾರೆಯ ಸಮೇತ ಬೋರ್ಡು, ಅದರ ಮೇಲೆ ಇವರ ಪಟ್ಟೆ ಪೈಜಾಮ. ಇವರು ಅಂಗಿಯ ಮೇಲೆಲ್ಲ ಟೀ ಚೆಲ್ಲಿಕೊಂಡು, "ನಾನು ಬರೀ ಪ್ಯಾಸೆಂಜರ್" ಅಂದರು.

ಗೋಡೆಯ ತೂತನ್ನು ನಾನೇ ಮುಚ್ಚಿದೆ. ಸಡಿಲಾದದ್ದನ್ನೆಲ್ಲ ಕೆರೆದೆ, ಗೋಡೆಗೆ ನೀರು ಕುಡಿಸಿದೆ, ಮೂರು ಪಾಲು ಮರಳಿಗೆ ಒಂದು ಪಾಲು ಸಿಮೆಂಟು ಕಲಸಿದೆ. ಶಾಲೆಗೆ ರಜೆಯಿದ್ದಾಗ ನಿಮ್ಮ ಪಕ್ಕ ಕುಕ್ಕರಗಾಲಲ್ಲಿ ಕೂತು ನೋಡಿದ್ದೆಲ್ಲ ಕೈಗೆ ತಾನಾಗಿ ಬಂತು. ಟೈಲರಮ್ಮ ಬೆರಳಿಂದ ಸವರಿ ನೋಡಿ, "ಯಾರೇ ಹುಡುಗಿ ಕಲಿಸಿದ್ದು? ಒಳ್ಳೇ ಕೈ" ಅಂದರು. "ನಮ್ಮಪ್ಪ" ಅಂದೆ. ಸಿಮೆಂಟಿನ ಧೂಳು ಎಂದು ಸುಳ್ಳು ಹೇಳಿ ಕಣ್ಣೊರೆಸಿಕೊಂಡೆ.

ಅದನ್ನು ನೋಡಿದ ಇವರು, "ಊರಿಗೆ ಹೋಗಿ ಅಪ್ಪನ್ನ ನೋಡ್ಕೊಂಡು ಬಾ. ಈ ಊರಲ್ಲಿ ಇನ್ನೂ ಎಂಟು ಮೆಷಿನ್ ಕೆಲಸ ಇದೆ, ನಾನು ನೋಡ್ಕೋತೀನಿ" ಅಂದರು. ಹೊಸ ಗಾರೆಗೆ ಒಂದು ವಾರ ನೀರು ಹಾಕದೆ ಬಿಟ್ಟು ಬಂದರೆ ನೀವೇ ಒಳಗೆ ಸೇರಿಸುವುದಿಲ್ಲ. ಅಷ್ಟು ಮುಗಿಸಿಯೇ ಹೊರಡುತ್ತೇನೆ.

ಅಮ್ಮನಿಗೆ ಒಂದು ಮುತ್ತು. ನೀವಿಬ್ಬರೂ ನೂರು ವರ್ಷ ಚೆನ್ನಾಗಿರಿ, ನನ್ನನ್ನೂ ಹಾಗೇ ಹರಸಿ.

ನಿಮ್ಮ
ಗುಂಡಿ

ತಾ.ಕ.: ಧೈರ್ಯ ಸಾಲದೆ ಇದನ್ನು ಕೆಳಗೆ ಬರೆಯುತ್ತಿದ್ದೇನೆ. ನಾವು ಹೊರಟ ದಿನ ಅಮ್ಮ ಅಳುತ್ತ ಒಳಗೆ ಹೋದ ಮೇಲೆ, ತಿರುವಿನಲ್ಲಿ ಕನ್ನಡಿಯೊಳಗೆ ನೀವು ಕಂಡಿರಿ. ಗೇಟಿನ ಹತ್ತಿರ, ಕೈ ಅರ್ಧ ಎತ್ತಿ ನಿಂತಿದ್ದಿರಿ. ಇವರು "ನಿಲ್ಲಿಸಲಾ?" ಅಂದರು. ನಾನೇ "ಬೇಡ, ನಡೀರಿ" ಅಂದೆ. ಅಪ್ಪ ಬೀಳ್ಕೊಡಲು ಹೊರಗೇ ಬರಲಿಲ್ಲ ಎಂದು ಅಮ್ಮನ ಹತ್ತಿರವೂ ದೂರಿದೆ. ನೀವು ಬಂದಿದ್ದಿರಿ ಅಪ್ಪಾ. ನಿಲ್ಲದೆ ಹೋದವಳು ನಾನು. ಮುಂದಿನ ವಾರ ಶುಕ್ರವಾರ, ಬೆಳಿಗ್ಗೆ ಏಳೂವರೆಯ ಪ್ಯಾಸೆಂಜರ್ ರೈಲಿಗೆ ಬಂದಿಳಿಯುತ್ತೇನೆ.